ಕ್ಷಮೆಯಿಲ್ಲದ ಪಾಪಕ್ಕೂ ಕ್ಷಮೆ ಇದೆಯೇ?

ಪ್ರವಾದಿ ಮುಹಮ್ಮದರ ಸಂಗಾತಿಗಳಲ್ಲಿ ಅಬ್ದುಲ್ಲಾ ಇಬ್ನ್ ಮಸ್‌ಊದ್ ಎಂಬವರಿದ್ದರು. ಮಕ್ಕಾದಲ್ಲಿ ಇನ್ನೊಬ್ಬರ ಕುರಿ ಕಾಯ್ದು ಬೆಳೆದವರು. ಸಣಕಲು ಮೈ, ಕಡ್ಡಿಯಂಥ ಕಾಲು. ಕುರ್‌ಆನ್ ಪಠಣದಲ್ಲಿ ಮಾತ್ರ ಅವರನ್ನು ಮೀರಿಸುವವರು ವಿರಳ. ಎಲ್ಲಕ್ಕಿಂತ ದೊಡ್ಡ ಪಾಪ ಯಾವುದೆಂದು ಅವರು ಒಮ್ಮೆ ಪ್ರವಾದಿಯವರನ್ನೇ ಕೇಳಿದರು. ಹುಟ್ಟಿಸಿದವನು ಒಬ್ಬನಿರುವಾಗ ಅವನಿಗೆ ಸರಿಸಾಟಿಯಾಗಿ ಇನ್ನೊಂದನ್ನು ನಿಲ್ಲಿಸುವುದು ಎಂಬ ಉತ್ತರ ಬಂತು. ಅದರ ನಂತರದ್ದು ಯಾವುದೆಂದು ಕೇಳಿದರು. ಉಣ್ಣುವ ಬಾಯಿ ಇನ್ನೊಂದು ಹೆಚ್ಚಾಯಿತೆಂದು ಹೆದರಿ ಹೆತ್ತ ಮಗುವನ್ನೇ ಕೊಲ್ಲುವುದು. ಅದಕ್ಕೂ ನಂತರದ್ದು? ನೆರೆಮನೆಯವನ ಹೆಂಡತಿಯೊಂದಿಗೆ ಹಾದರ. ಪ್ರವಾದಿಯವರ ನಡೆನುಡಿಗಳನ್ನು ದಾಖಲಿಸುವ ಬುಖಾರಿ ಮತ್ತು ಮುಸ್ಲಿಂ, ಎರಡೂ ಹದೀಸ್ ಸಂಗ್ರಹಗಳಲ್ಲಿ ಈ ಪ್ರಸಂಗ ಇದೆ.

ಮೊದಲನೆಯದು ನಂಬಿಕೆಯ ವಿಷಯ, ಎರಡನೆಯದು ಕೊಲೆ, ಮೂರನೆಯದು ನಡತೆಗೇಡು. ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲ. ಆದರೆ ಮೂರರಲ್ಲಿಯೂ ದ್ರೋಹಕ್ಕೆ ಗುರಿಯಾದವರು ಯಾರು ನೋಡಿ: ಜೀವ ಕೊಟ್ಟವನು, ನಮ್ಮಿಂದ ಜೀವ ಪಡೆದ ಮಗು, ನಮ್ಮನ್ನು ನಂಬಿ ಗೋಡೆಯಾಚೆ ಮಲಗಿರುವ ನೆರೆಯವನು. ನಮ್ಮ ಮೇಲೆ ಯಾರಿಗೆ ಹೆಚ್ಚು ಹಕ್ಕಿದೆಯೋ ಅವರ ಹಕ್ಕನ್ನೇ ಕಸಿಯುವುದು ಇಲ್ಲಿ ಪಾಪದ ತೂಕ ಹೆಚ್ಚಿಸಿದೆ. ಇಸ್ಲಾಮಿನ ಪಾಪ ವಿಚಾರವನ್ನು ಹಕ್ಕು ಮತ್ತು ಬಾಕಿಯ ಈ ದಾರಿಯಿಂದ ಹೊಕ್ಕರೆ ಮುಂದಿನ ಎಷ್ಟೋ ಸಂಗತಿಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ಆ ಮೊದಲ ಪಾಪದ ಹೆಸರು ಶಿರ್ಕ್. ದೇವರಿಗೆ ಮಾತ್ರ ಸಲ್ಲಬೇಕಾದುದರಲ್ಲಿ ಬೇರೆಯವರಿಗೂ ಪಾಲು ಕೊಡುವುದು. ಇದನ್ನು ನಾಸ್ತಿಕತೆ ಎಂದು ತಿಳಿಯಬಾರದು. ಕುರ್‌ಆನ್ ಯಾರೊಡನೆ ವಾದಕ್ಕೆ ಇಳಿದಿತ್ತೋ ಆ ಮಕ್ಕಾದ ಕುರೈಷ್ ಬುಡಕಟ್ಟಿನವರು ದೇವರನ್ನು ಒಪ್ಪಿದ್ದವರೇ. ಆಕಾಶ ಭೂಮಿಗಳನ್ನು ಸೃಷ್ಟಿಸಿದವನು ಯಾರೆಂದು ಕೇಳಿದರೆ ಅವರು ಅಲ್ಲಾಹನ ಹೆಸರನ್ನೇ ಹೇಳುತ್ತಾರೆಂದು ಕುರ್‌ಆನೇ ಹೇಳುತ್ತದೆ. ಅವರ ವಾದ ಬೇರೆಯಿತ್ತು. ಲಾತ್, ಉಝ್ಝಾ, ಮನಾತ್ ಮುಂತಾದ ದೇವತೆಗಳು ತಮ್ಮನ್ನು ಅಲ್ಲಾಹನ ಹತ್ತಿರಕ್ಕೆ ಒಯ್ಯುತ್ತಾರೆ, ತಮ್ಮ ಪರವಾಗಿ ಶಿಫಾರಸು ಮಾಡುತ್ತಾರೆ ಎಂಬುದು ಅವರ ನಂಬಿಕೆ. ಕ್ರಿ.ಶ. 630ರಲ್ಲಿ ಪ್ರವಾದಿಯವರು ಮಕ್ಕಾವನ್ನು ಪ್ರವೇಶಿಸಿದಾಗ ಕಅಬಾದ ಸುತ್ತ 360 ವಿಗ್ರಹಗಳಿದ್ದವು ಎಂದು ಬುಖಾರಿಯಲ್ಲಿದೆ. ಬುಡಕಟ್ಟುಗಳ ಒಪ್ಪಂದ, ವ್ಯಾಪಾರ, ಯಾತ್ರೆಯ ವರಮಾನ ಎಲ್ಲವೂ ಆ ವ್ಯವಸ್ಥೆಗೆ ಅಂಟಿಕೊಂಡಿದ್ದವು. ಆದ್ದರಿಂದ ದೇವರೊಬ್ಬನೇ ಎಂಬ ಮಾತು ಮಕ್ಕಾದ ಸಿರಿವಂತರಿಗೆ ಬರೀ ತತ್ವದ ಮಾತಾಗಿ ಕೇಳಿಸಲಿಲ್ಲ.

ಕುರ್‌ಆನಿನ 31ನೇ ಅಧ್ಯಾಯದಲ್ಲಿ ಲುಕ್ಮಾನ್ ಎಂಬ ಜ್ಞಾನಿ ತನ್ನ ಮಗನಿಗೆ ಬುದ್ಧಿ ಹೇಳುತ್ತಾನೆ. ಅವನ ಮೊದಲ ಮಾತೇ ಶಿರ್ಕ್ ಬೇಡ ಎಂಬುದು. ಅದೊಂದು ಘೋರ ಅನ್ಯಾಯ ಎಂಬುದು ಅವನು ಕೊಡುವ ಕಾರಣ. ಇದಕ್ಕೆ ಸಂಬಂಧಿಸಿದ ಒಂದು ಪ್ರಸಂಗವನ್ನೂ ಇಬ್ನ್ ಮಸ್‌ಊದ್ ವರದಿ ಮಾಡಿದ್ದಾರೆ. ನಂಬಿಕೆಯೊಂದಿಗೆ ಅನ್ಯಾಯ ಬೆರೆಸದವರಿಗೆ ಮಾತ್ರ ಅಭಯ ಎಂಬರ್ಥದ ವಚನ ಇಳಿದಾಗ ಸಂಗಾತಿಗಳು ಗಾಬರಿಯಾದರಂತೆ. ಅನ್ಯಾಯವನ್ನೇ ಮಾಡದವರು ತಮ್ಮಲ್ಲಿ ಯಾರಿದ್ದಾರೆ ಎಂಬುದು ಅವರ ಅಳಲು. ಪ್ರವಾದಿಯವರು ಆಗ ಲುಕ್ಮಾನ್ ಮಗನಿಗೆ ಹೇಳಿದ ಮಾತನ್ನು ನೆನಪಿಸಿ, ಇಲ್ಲಿ ಅನ್ಯಾಯವೆಂದರೆ ಅದು ಎಂದು ಸಮಾಧಾನ ಹೇಳಿದರು. ಆ ಗಾಬರಿ ನನಗೆ ಮುಖ್ಯವಾಗಿ ಕಾಣುತ್ತದೆ. ಪಾಪದ ಮಾತು ಕಿವಿಗೆ ಬಿದ್ದಾಗ ಆ ಜನ ನೆರೆಯವನ ಕಡೆ ತಿರುಗಿ ನೋಡಲಿಲ್ಲ.

ಈಗ ತೊಡಕಿನ ಭಾಗ. ಕುರ್‌ಆನಿನ 4ನೇ ಅಧ್ಯಾಯ ಎರಡು ಕಡೆ, 48 ಮತ್ತು 116ನೇ ವಚನಗಳಲ್ಲಿ, ಶಿರ್ಕನ್ನು ಅಲ್ಲಾಹನು ಕ್ಷಮಿಸುವುದಿಲ್ಲ, ಅದಕ್ಕಿಂತ ಕೆಳಗಿನದನ್ನು ತಾನು ಬಯಸಿದವರಿಗೆ ಕ್ಷಮಿಸುತ್ತಾನೆ ಎನ್ನುತ್ತದೆ. 39ನೇ ಅಧ್ಯಾಯದ 53ನೇ ವಚನವಾದರೋ ತಮ್ಮ ಮೇಲೆ ತಾವೇ ಅತಿರೇಕ ಎಸಗಿಕೊಂಡವರನ್ನು ಕರೆದು, ದೇವರ ಕರುಣೆಯ ಬಗ್ಗೆ ನಿರಾಶರಾಗಬೇಡಿ, ಅವನು ಎಲ್ಲ ಪಾಪಗಳನ್ನೂ ಕ್ಷಮಿಸುವವನು ಎಂಬ ಭರವಸೆ ಕೊಡುತ್ತದೆ. ಎಲ್ಲ ಎಂದಮೇಲೆ ಶಿರ್ಕ್ ಹೊರಗುಳಿದದ್ದು ಹೇಗೆ?

ಉಲಮಾಗಳ, ಅಂದರೆ ಧರ್ಮವಿದ್ವಾಂಸರ, ಉತ್ತರದಲ್ಲಿ ಇಲ್ಲಿ ಹೆಚ್ಚಿನ ಭಿನ್ನಮತವಿಲ್ಲ. ಮೊದಲನೆಯದು ಪಶ್ಚಾತ್ತಾಪವಿಲ್ಲದೆ ಅದೇ ಸ್ಥಿತಿಯಲ್ಲಿ ಸತ್ತವನ ಮಾತು, ಎರಡನೆಯದು ಬದುಕಿರುವಾಗಲೇ ಹಿಂತಿರುಗಿದವನ ಮಾತು. ಬೇರೆ ಪಾಪಗಳನ್ನು ಹೊತ್ತು ತೌಬಾ (ಪಶ್ಚಾತ್ತಾಪ) ಮಾಡದೆ ಸತ್ತವನನ್ನು ದೇವರು ಕ್ಷಮಿಸಲೂಬಹುದು, ಶಿಕ್ಷಿಸಲೂಬಹುದು. ಶಿರ್ಕಿಗೆ ಆ ರಿಯಾಯಿತಿ ಇಲ್ಲ. ಬದುಕಿದ್ದಾಗ ಮಾತ್ರ ಅದಕ್ಕೂ ಉಳಿದ ಪಾಪಗಳಿಗೂ ಬಾಗಿಲು ಒಂದೇ. 25ನೇ ಅಧ್ಯಾಯ ಶಿರ್ಕ್, ಕೊಲೆ, ಹಾದರ ಮೂರನ್ನೂ ಒಂದೇ ಉಸಿರಿನಲ್ಲಿ ಹೆಸರಿಸಿ, ತೌಬಾ ಮಾಡಿ ನಂಬಿ ಒಳ್ಳೆಯದನ್ನು ಮಾಡಿದವರ ಕೆಡುಕುಗಳನ್ನು ದೇವರು ಒಳಿತುಗಳಾಗಿ ಬದಲಿಸುತ್ತಾನೆ ಎಂಬಲ್ಲಿಯವರೆಗೂ ಹೋಗುತ್ತದೆ. ಇಬ್ನ್ ಮಸ್‌ಊದರ ಪಟ್ಟಿಗೂ ಇದಕ್ಕೂ ಇರುವ ಹೋಲಿಕೆ ಯಾರಿಗಾದರೂ ಕಾಣುವಂಥದು.

ಇದಕ್ಕೆ ವ್ಯಾಖ್ಯಾನ ಗ್ರಂಥಗಳನ್ನೇ ತೆರೆಯಬೇಕೆಂದಿಲ್ಲ. ಇಸ್ಲಾಮಿನ ಮೊದಲ ತಲೆಮಾರನ್ನು ನೋಡಿದರೆ ಸಾಕು. ಉಮರ್, ಖಾಲಿದ್ ಇಬ್ನ್ ವಲೀದ್, ಅಬೂ ಸುಫ್ಯಾನ್, ಪ್ರವಾದಿಯವರ ಕಡುವೈರಿ ಅಬೂ ಜಹಲ್‌ನ ಮಗ ಇಕ್ರಿಮಾ, ಇವರೆಲ್ಲ ಮೊದಲು ವಿಗ್ರಹಾರಾಧಕರು. ಕೆಲವರು ಕತ್ತಿ ಹಿಡಿದು ಎದುರು ನಿಂತವರು. ಅಮ್ರ್ ಇಬ್ನ್ ಆಸ್ ಇಸ್ಲಾಂ ಸ್ವೀಕರಿಸಲು ಬಂದಾಗ ಪ್ರವಾದಿಯವರು ಕೈ ಚಾಚಿದರು, ಅಮ್ರ್ ತಮ್ಮ ಕೈಯನ್ನು ಹಿಂದಕ್ಕೆಳೆದುಕೊಂಡರು. ಏನಾಯಿತೆಂದು ಕೇಳಿದರೆ, ಒಂದು ಷರತ್ತಿದೆ, ಹಿಂದಿನದೆಲ್ಲ ಮನ್ನಾ ಆಗಬೇಕು ಎಂದರು. ಇಸ್ಲಾಂ ತನಗಿಂತ ಹಿಂದಿನದನ್ನೆಲ್ಲ ಕೆಡವಿಹಾಕುತ್ತದೆಂದು ತಿಳಿಯದೇ ಎಂಬ ಉತ್ತರ ಸಿಕ್ಕಿತು. ಅಮ್ರ್ ಮುಂದೆ ಈಜಿಪ್ಟನ್ನು ಗೆದ್ದವರು, ಚಾಣಾಕ್ಷ ರಾಜಕಾರಣಿ ಎಂದು ಹೆಸರಾದವರು. ಚೌಕಾಸಿಯ ಬುದ್ಧಿ ಆ ಗಳಿಗೆಯಲ್ಲೂ ಬಿಟ್ಟಿರಲಿಲ್ಲ. ಮರಣಶಯ್ಯೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಅಳುತ್ತಾ ಈ ನೆನಪನ್ನು ಹೇಳಿಕೊಂಡದ್ದು ಸಹೀಹ್ ಮುಸ್ಲಿಮಿನಲ್ಲಿದೆ.

ವಹ್ಶಿಯ ಕಥೆ ಇದಕ್ಕಿಂತ ಕಠಿಣ. ವಹ್ಶಿ ಅಬಿಸೀನಿಯಾ ಮೂಲದ ಗುಲಾಮ, ಭರ್ಚಿ ಎಸೆತದಲ್ಲಿ ಗುರಿ ತಪ್ಪದವನು. 625ರ ಉಹುದ್ ಯುದ್ಧದಲ್ಲಿ ಪ್ರವಾದಿಯವರ ಚಿಕ್ಕಪ್ಪ ಹಂಝಾರನ್ನು ಕೊಂದರೆ ಬಿಡುಗಡೆ ಕೊಡುವುದಾಗಿ ಅವನ ಯಜಮಾನ ಮಾತು ಕೊಟ್ಟಿದ್ದ. ಬಂಡೆಯ ಮರೆಯಲ್ಲಿ ಕಾದು ಕೂತು ಕೊಂದ, ಸ್ವತಂತ್ರನಾದ. ಮಕ್ಕಾ ಪ್ರವಾದಿಯವರ ವಶವಾದ ಮೇಲೆ ತಾಯಿಫಿಗೆ ಓಡಿದ. ಅಲ್ಲಿಯವರೂ ಸಂಧಾನಕ್ಕೆ ಹೊರಟಾಗ, ದೂತರಿಗೆ ಪ್ರವಾದಿ ಕೇಡು ಮಾಡುವುದಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ ಅವರೊಂದಿಗೆ ಬಂದು ಎದುರು ನಿಂತ. ಹಂಝಾರನ್ನು ಕೊಂದವನು ನೀನೇನಾ ಎಂಬ ಪ್ರಶ್ನೆಗೆ, ತಮಗೆ ತಲುಪಿದ ಸುದ್ದಿ ನಿಜ ಎಂದ. ಅವನ ಇಸ್ಲಾಂ ಸ್ವೀಕಾರಕ್ಕೆ ಅಡ್ಡಿಯಾಗಲಿಲ್ಲ, ಸೇಡಿನ ಮಾತೂ ಬರಲಿಲ್ಲ. ತನ್ನ ಕಣ್ಣಿಗೆ ಬೀಳದಂತೆ ಇರಲು ಸಾಧ್ಯವೇ ಎಂದಷ್ಟೇ ಪ್ರವಾದಿಯವರು ಕೇಳಿದರು. ಪ್ರವಾದಿಯವರ ಮರಣದ ನಂತರ, ಪ್ರವಾದಿತ್ವದ ಹುಸಿ ಹಕ್ಕು ಸಾರಿದ್ದ ಮುಸೈಲಿಮನ ಎದುರು ಯಮಾಮಾದಲ್ಲಿ ಯುದ್ಧವಾದಾಗ ವಹ್ಶಿ ತನ್ನ ಭರ್ಚಿಯನ್ನು ಅವನ ಮೇಲೆ ಎಸೆದ, ಹಂಝಾರ ಋಣವನ್ನು ಸ್ವಲ್ಪ ತೀರಿಸಬಹುದೇನೋ ಎಂಬ ಆಸೆಯಿಂದ. ಮುದುಕನಾಗಿ ಸಿರಿಯಾದ ಹಿಮ್ಸ್ ಪಟ್ಟಣದಲ್ಲಿದ್ದಾಗ ಕೇಳಲು ಬಂದವರಿಗೆ ಇದನ್ನೆಲ್ಲ ಅವನೇ ಹೇಳಿದ್ದು ಬುಖಾರಿಯಲ್ಲಿ ದಾಖಲಾಗಿದೆ.

ದೇವರ ಕ್ಷಮೆ ಸಿಕ್ಕಿತೆಂದರೆ ನೊಂದವರ ನೋವೂ ಅಳಿಸಿಹೋಗಬೇಕೆಂದು ಇಲ್ಲಿ ಯಾರೂ ನಟಿಸಿಲ್ಲ. ಪ್ರವಾದಿಯೇ ಆದರೂ ಸತ್ತದ್ದು ಸ್ವಂತ ಚಿಕ್ಕಪ್ಪ. ಕ್ಷಮೆಯ ಬಗ್ಗೆ ಧಾರ್ಮಿಕ ಪ್ರವಚನಗಳಲ್ಲಿ ಕೇಳುವ ಸಲೀಸು ಮಾತುಗಳಿಗಿಂತ ಈ ಒಂದು ಪ್ರಸಂಗ ಹೆಚ್ಚು ಪ್ರಾಮಾಣಿಕವಾಗಿದೆ ಎಂದು ನನ್ನ ಅನಿಸಿಕೆ.

ತೌಬಾ ಎಂದರೆ ಏನೇನು ಮಾಡಬೇಕು? 13ನೇ ಶತಮಾನದ ಸಿರಿಯಾದ ವಿದ್ವಾಂಸ ಇಮಾಮ್ ನವವಿ ತಮ್ಮ ‘ರಿಯಾದುಸ್ಸಾಲಿಹೀನ್’ ಸಂಗ್ರಹದ ಎರಡನೇ ಅಧ್ಯಾಯವನ್ನೇ ಇದಕ್ಕೆ ಮೀಸಲಿಟ್ಟಿದ್ದಾರೆ. ಆ ಪುಸ್ತಕ ಕರ್ನಾಟಕದ ಮದರಸಗಳಲ್ಲಿಯೂ ಪರಿಚಿತ. ತಪ್ಪನ್ನು ನಿಲ್ಲಿಸಬೇಕು, ಮಾಡಿದ್ದಕ್ಕೆ ಮನಸ್ಸು ಬೇಯಬೇಕು, ಇನ್ನೆಂದೂ ಅತ್ತ ಹೋಗೆನೆಂದು ನಿಶ್ಚಯಿಸಬೇಕು. ತಪ್ಪು ದೇವರಿಗೂ ತನಗೂ ನಡುವಿನದಾದರೆ ಇಷ್ಟೇ. ಪಾದ್ರಿಯ ಮುಂದೆ ಒಪ್ಪಿಕೊಳ್ಳುವ ಪದ್ಧತಿ ಇಲ್ಲ, ಪುರೋಹಿತರು ಮಾಡಿಸುವ ಶಾಂತಿಯೂ ಇಲ್ಲ. ಎರಡು ರಕಅತ್ ನಮಾಝ್ ಮಾಡಿ ಬೇಡಿಕೊಳ್ಳುವ ರೂಢಿ ಇದೆ; ಅದಿಲ್ಲದೆಯೂ ತೌಬಾ ಆಗುತ್ತದೆ. ಶಿರ್ಕ್ ನಡುವಣದವರನ್ನು ನೆಚ್ಚುವ ಪಾಪವಾದ್ದರಿಂದ ಅದರಿಂದ ಹಿಂತಿರುಗುವ ದಾರಿಯಲ್ಲಿ ನಡುವಣದವರು ಇರಬಾರದೆಂಬುದು ಸಹಜವೇ.

ಇಷ್ಟೇ ಅಲ್ಲ, ದೇವರು ಮುಚ್ಚಿಟ್ಟದ್ದನ್ನು ತಾನಾಗಿ ಬಿಚ್ಚಬಾರದು ಎಂಬ ತಾಕೀತೂ ಇದೆ. ರಾತ್ರಿ ಮಾಡಿದ ಕೆಟ್ಟ ಕೆಲಸವನ್ನು ಬೆಳಗಾದ ಮೇಲೆ ನಾಲ್ಕು ಜನರ ಮುಂದೆ ಹೇಳಿಕೊಂಡು ಮೆರೆಯುವವನನ್ನು ಹದೀಸ್ ಕ್ಷಮೆಯ ಹೊರಗಿಡುತ್ತದೆ. ತಪ್ಪೊಪ್ಪಿಗೆಯೂ ಒಂದು ಪ್ರದರ್ಶನವಾಗಬಲ್ಲದು ಎಂಬುದನ್ನು ಆ ಕಾಲದವರು ಕಂಡಿದ್ದರು. ಕ್ಯಾಮೆರಾದ ಮುಂದೆ ಕಣ್ಣೀರಿಡುವ ನಮ್ಮ ಕಾಲದವರು ಇದನ್ನು ಹೇಗೆ ತೆಗೆದುಕೊಳ್ಳುತ್ತಾರೋ.

ತೌಬಾಕ್ಕೆ ಗಡುವೂ ಇದೆ. ಪ್ರಾಣ ಗಂಟಲಿಗೆ ಬಂದ ಮೇಲೆ ಮಾಡುವುದು ನಡೆಯುವುದಿಲ್ಲ. ಸಮುದ್ರದ ನೀರು ಮುಚ್ಚಿಕೊಂಡಾಗ ಈಜಿಪ್ಟಿನ ದೊರೆ ಫಿರ್‌ಔನ್ ನಂಬಿದೆನೆಂದು ಕೂಗಿದ್ದು, ಈಗ ನೆನಪಾಯಿತೇ ಎಂಬ ಮರುಪ್ರಶ್ನೆ ಅವನಿಗೆ ಸಿಕ್ಕಿದ್ದು ಕುರ್‌ಆನಿನ ಕಥೆ. ಇನ್ನೊಂದು ತುದಿಯಲ್ಲಿ ಆದಮ್ ಮತ್ತು ಹವ್ವಾ ಇದ್ದಾರೆ. ನಿಷೇಧಿತ ಮರದ ರುಚಿ ನೋಡಿದ ಕೂಡಲೇ ತಮಗೆ ತಾವೇ ಅನ್ಯಾಯ ಮಾಡಿಕೊಂಡೆವೆಂದು ಇಬ್ಬರೂ ಒಟ್ಟಿಗೆ ಒಪ್ಪಿಕೊಂಡರು, ಕ್ಷಮೆಯೂ ಸಿಕ್ಕಿತು. ಆದ್ದರಿಂದ ಆ ಮೊದಲ ತಪ್ಪು ಮಕ್ಕಳು ಮೊಮ್ಮಕ್ಕಳಿಗೆ ಸಾಲವಾಗಿ ಇಳಿದು ಬಂದಿಲ್ಲ. ಅದೇ ಪ್ರಕರಣದ ಸೈತಾನ ಇಬ್ಲೀಸನಿಗೆ ದೇವರೊಬ್ಬನೇ ಎಂಬುದರಲ್ಲಿ ಸಂಶಯವೇ ಇರಲಿಲ್ಲ. ಅವನನ್ನು ಕೆಡಿಸಿದ್ದು ತಾನು ಬೆಂಕಿಯಿಂದಾದವನು, ಮಣ್ಣಿನಿಂದಾದ ಆದಮನಿಗಿಂತ ಮೇಲು ಎಂಬ ಹಮ್ಮು.

ನವವಿಯವರು ಸೇರಿಸುವ ನಾಲ್ಕನೇ ಷರತ್ತು ಎಲ್ಲಕ್ಕಿಂತ ದುಬಾರಿ. ತಪ್ಪು ಮನುಷ್ಯರಿಗೆ ಸಂಬಂಧಿಸಿದ್ದಾದರೆ ಅವರ ಬಾಕಿ ತೀರಿಸಬೇಕು. ಹಣವಾದರೆ ಹಣ, ಮಾನಹಾನಿಯಾದರೆ ಕ್ಷಮೆ ಕೇಳುವುದು. ಇದನ್ನು ದೇವರು ತಾನಾಗಿ ಮನ್ನಾ ಮಾಡುವುದಿಲ್ಲ ಎಂಬಂತೆಯೇ ಹದೀಸುಗಳು ಮಾತಾಡುತ್ತವೆ. ದಿವಾಳಿಯಾದವನೆಂದರೆ ಯಾರು ಎಂದು ಪ್ರವಾದಿಯವರು ಒಮ್ಮೆ ಕೇಳಿದರು. ಕೈಯಲ್ಲಿ ದಿರ್ಹಮ್ ಇಲ್ಲದವನು ಎಂದರು ಸಂಗಾತಿಗಳು. ಪ್ರವಾದಿಯವರು ಕೊಟ್ಟ ಚಿತ್ರ ಬೇರೆ: ಅಂತಿಮ ದಿನದಂದು ನಮಾಝ್, ಉಪವಾಸ, ಝಕಾತ್ ಎಲ್ಲವನ್ನೂ ಹೊತ್ತು ಒಬ್ಬ ಬರುತ್ತಾನೆ. ಅವನು ಇವನನ್ನು ಬೈದಿದ್ದ, ಅವಳ ಮೇಲೆ ಸುಳ್ಳು ಅಪವಾದ ಹೊರಿಸಿದ್ದ, ಇನ್ನೊಬ್ಬನ ಆಸ್ತಿ ನುಂಗಿದ್ದ. ಅವನ ಪುಣ್ಯವೆಲ್ಲ ಅವರಿಗೆ ಹಂಚಿಹೋಗುತ್ತದೆ. ಅದು ಮುಗಿದು ಬಾಕಿ ಉಳಿದರೆ ಅವರ ಪಾಪ ಇವನ ತಲೆಗೆ.

ಸಾಲದ ವಿಷಯದಲ್ಲಂತೂ ಕಟ್ಟುನಿಟ್ಟು. ಮೂರು ದೀನಾರ್ ಸಾಲ ಉಳಿಸಿ ಸತ್ತವನೊಬ್ಬನ ಜನಾಝಾ ನಮಾಝಿಗೆ, ಅಂದರೆ ಶವದ ಮುಂದಿನ ಪ್ರಾರ್ಥನೆಗೆ, ನಿಲ್ಲಲು ಪ್ರವಾದಿಯವರು ಒಪ್ಪಲಿಲ್ಲ. ಅಬೂ ಕತಾದಾ ಎಂಬವರು ಆ ಸಾಲ ತನ್ನದು ಎಂದು ವಹಿಸಿಕೊಂಡ ಮೇಲೆಯೇ ನಿಂತರು. ಇಂದಿಗೂ ನಮ್ಮ ಊರುಗಳ ಮಸೀದಿಗಳಲ್ಲಿ ಜನಾಝಾ ಮುಂದಿಟ್ಟುಕೊಂಡು, ಮೃತರಿಂದ ಯಾರಿಗಾದರೂ ಬರಬೇಕಾದದ್ದಿದ್ದರೆ ನಮ್ಮನ್ನು ಕಾಣಿ ಎಂದು ಮಗನೋ ತಮ್ಮನೋ ನೆರೆದವರಿಗೆ ಹೇಳುವುದು ಇದರ ಮುಂದುವರಿಕೆ. ಹಜ್‌ಗೆ ಹೊರಟವರು ನೆಂಟರಿಷ್ಟರ ಮನೆಗೆ ಹೋಗಿ, ದಖನಿ ಮಾತಿನಲ್ಲಿ ‘ಕಹಾ ಸುನಾ ಮಾಫ್ ಕರೋ’ (ಆಡಿದ್ದು ಕೇಳಿದ್ದನ್ನು ಕ್ಷಮಿಸಿ) ಎನ್ನುವ ವಾಡಿಕೆಯೂ ಇದೆ. ಬಹಳ ಸಲ ಅದು ಉಪಚಾರದ ಮಾತಾಗಿ, ಚಹಾದೊಂದಿಗೆ ಮುಗಿದುಬಿಡುತ್ತದೆ. ಆಸ್ತಿ ಪಾಲಿನಲ್ಲಿ ತಂಗಿಗೆ ಮೋಸ ಮಾಡಿದ ಅಣ್ಣ ಮಾಫ್ ಕೇಳಿದರೆ ಸಾಲದು, ಪಾಲು ಕೊಡಬೇಕು. ಫಿಕ್ಹ್, ಅಂದರೆ ಇಸ್ಲಾಮೀ ಕಾನೂನು, ಇದರಲ್ಲಿ ಸ್ಪಷ್ಟವಾಗಿದೆ, ನಡವಳಿಕೆ ಹಾಗಿಲ್ಲ.

ಬಾಕಿ ತೀರಿಸಲು ದಾರಿಯೇ ಇಲ್ಲದಿದ್ದರೆ? ಯಾರದೋ ಹಣ ತಿಂದು, ಆ ಯಾರೋ ಎಲ್ಲಿದ್ದಾರೆಂದೇ ಗೊತ್ತಿಲ್ಲದಿದ್ದರೆ ಅಷ್ಟನ್ನು ಅವರ ಪರವಾಗಿ ದಾನ ಕೊಡಬೇಕು, ಅದರ ಪುಣ್ಯದ ಲೆಕ್ಕ ತನಗೆ ಬೇಕೆನ್ನಬಾರದು. ಬೆನ್ನ ಹಿಂದೆ ಆಡಿಕೊಂಡದ್ದು ಆ ವ್ಯಕ್ತಿಗೆ ತಿಳಿದೇ ಇಲ್ಲವಾದರೆ ಹೋಗಿ ಹೇಳಿ ಕ್ಷಮೆ ಕೇಳಬೇಕೇ ಎಂಬಲ್ಲಿ ವಿದ್ವಾಂಸರು ಒಡೆದಿದ್ದಾರೆ. ಹೇಳಿದರೆ ಇಲ್ಲದ ನೋವೊಂದನ್ನು ಹುಟ್ಟಿಸಿದಂತಾಗುತ್ತದೆ, ಅವನಿಗಾಗಿ ಪ್ರಾರ್ಥಿಸು, ಎಲ್ಲಿ ಹಳಿದಿದ್ದೆಯೋ ಅಲ್ಲಿ ಹೊಗಳು ಎಂಬ ಪಕ್ಷವನ್ನು ಇಬ್ನ್ ತೈಮಿಯ್ಯಾ ಹಿಡಿದಿದ್ದಾರೆ. ಕಠೋರವಾದಿ ಎಂದು ಹೆಸರಾದವರಿಂದ ಬಂದ ಈ ಸೂಕ್ಷ್ಮ ನನಗೆ ಅನಿರೀಕ್ಷಿತವಾಗಿತ್ತು.

ಹಕ್ಕುದಾರನೇ ಸತ್ತುಹೋದರೆ ಏನು ಎಂಬ ಪ್ರಶ್ನೆಗೆ ಇಸ್ಲಾಮಿನ ಇತಿಹಾಸ ಕೊಟ್ಟ ಅತ್ಯಂತ ದಾರುಣ ಉತ್ತರ ಕೂಫಾ ಪಟ್ಟಣದ್ದು. ಅಲ್ಲಿಯ ಜನ ಪ್ರವಾದಿಯವರ ಮೊಮ್ಮಗ ಹುಸೈನರಿಗೆ ಪತ್ರ ಬರೆದು ಕರೆಸಿಕೊಂಡರು, ಆಪತ್ತು ಬಂದಾಗ ಮನೆಯಲ್ಲಿ ಉಳಿದರು. 680ರಲ್ಲಿ ಕರ್ಬಲಾದಲ್ಲಿ ಆಗಿನ ಉಮವೀ ಆಳ್ವಿಕೆಯ ಸೈನ್ಯದಿಂದ ಹುಸೈನರ ಕೊಲೆಯಾಯಿತು. ಆ ಬೆಳಗ್ಗೆ ಶತ್ರು ಸೈನ್ಯದ ನಾಯಕನೊಬ್ಬ, ಹುಸೈನರ ದಾರಿಗೆ ಮೊದಲು ಅಡ್ಡ ನಿಂತಿದ್ದ ಹುರ್, ಕುದುರೆ ತಿರುಗಿಸಿ ಅವರ ಕಡೆ ಬಂದು ಪ್ರಾಣ ಕೊಟ್ಟ. ಕೂಫಾದವರಿಗೆ ಅಷ್ಟು ಬೇಗ ಎಚ್ಚರವಾಗಲಿಲ್ಲ. ನಾಲ್ಕು ವರ್ಷಗಳ ನಂತರ ಸುಲೈಮಾನ್ ಇಬ್ನ್ ಸುರದ್ ಎಂಬ ಮುದುಕರ ಮುಂದಾಳ್ತನದಲ್ಲಿ ‘ತವ್ವಾಬೂನ್’, ಅಂದರೆ ಪಶ್ಚಾತ್ತಾಪಿಗಳು ಎಂಬ ಹೆಸರಿನಲ್ಲಿಯೇ ಅವರಲ್ಲಿ ಕೆಲವು ಸಾವಿರ ಮಂದಿ ಹೊರಟರು. ಹುಸೈನರ ಸಮಾಧಿಯ ಬಳಿ ಹಗಲಿರುಳು ಅತ್ತರು. ಆಮೇಲೆ ತಮಗಿಂತ ಎಷ್ಟೋ ದೊಡ್ಡದಾದ ಉಮವೀ ಸೈನ್ಯಕ್ಕೆ 685ರ ಜನವರಿಯಲ್ಲಿ ಐನುಲ್ ವರ್ದಾದಲ್ಲಿ ಎದುರಾಗಿ ಬಹುಪಾಲು ಸತ್ತರು. ಅದು ತೌಬಾವೋ, ಗೆಲ್ಲಲಾಗದ ಯುದ್ಧದಲ್ಲಿ ಪಾಪಪ್ರಜ್ಞೆಯನ್ನು ಮುಳುಗಿಸುವ ಯತ್ನವೋ? ಶಿಯಾ ಪರಂಪರೆ ಅವರನ್ನು ಗೌರವದಿಂದ ನೆನೆಯುತ್ತದೆ. ಕೇಳಬೇಕಾದ ಕ್ಷಮೆಯನ್ನು ಕೇಳಲು ಎದುರಿಗೆ ಯಾರೂ ಉಳಿಯದಿದ್ದಾಗ ಮನುಷ್ಯ ಏನು ಮಾಡಿಯಾನು ಎಂಬುದಕ್ಕೆ ಇದಕ್ಕಿಂತ ದೊಡ್ಡ ದಾಖಲೆ ನನಗೆ ಗೊತ್ತಿಲ್ಲ.

ಯಾರು ಪಾಪಿ, ಯಾರು ಧರ್ಮದಿಂದಲೇ ಹೊರಗೆ ಎಂಬ ಜಗಳವೂ ಹೆಚ್ಚುಕಡಿಮೆ ಆ ಕಾಲದಲ್ಲಿಯೇ ಹುಟ್ಟಿದ್ದು. ದೊಡ್ಡ ಪಾಪ ಮಾಡಿದವನು ಮುಸ್ಲಿಮನಾಗಿ ಉಳಿಯುವುದಿಲ್ಲ ಎಂದವರು ಖಾರಿಜಿಗಳು. ಅವರಲ್ಲೊಬ್ಬ 661ರಲ್ಲಿ ಖಲೀಫ ಅಲಿಯವರನ್ನೇ ಕೊಂದ. ಸುನ್ನಿ ಪಂಥದ ಮುಖ್ಯಧಾರೆ ಇದನ್ನು ತಿರಸ್ಕರಿಸಿತು. ಶಿರ್ಕಿಗಿಂತ ಕೆಳಗಿನ ಪಾಪ ಎಷ್ಟೇ ದೊಡ್ಡದಿದ್ದರೂ ಮಾಡಿದವನು ಪಾಪಿ ಮುಸ್ಲಿಮನೇ ಹೊರತು ಧರ್ಮಬಾಹಿರನಲ್ಲ ಎಂಬುದು ಅದರ ನಿಲುವು. ಹಾಗಾಗಿ ಯಾರನ್ನಾದರೂ ಹೊರಹಾಕಬೇಕೆಂದಿದ್ದರೆ ಉಳಿದ ಆಯುಧ ಒಂದೇ, ಅವನು ಮಾಡುತ್ತಿರುವುದು ಶಿರ್ಕ್ ಎಂದು ತೋರಿಸುವುದು. ಅರೇಬಿಯಾದ ನಜ್ದ್ ಪ್ರಾಂತದಲ್ಲಿ 18ನೇ ಶತಮಾನದ ಮುಹಮ್ಮದ್ ಇಬ್ನ್ ಅಬ್ದುಲ್ ವಹ್ಹಾಬ್ ಗೋರಿಗಳ ಮೇಲಿನ ಗುಮ್ಮಟ, ಸಂತರಲ್ಲಿ ಬೇಡಿಕೆ, ಹರಕೆ ಇವೆಲ್ಲ ಮಕ್ಕಾದ ಹಳೆಯ ಶಿರ್ಕಿನದೇ ರೂಪ ಎಂದರು. 1744ರಲ್ಲಿ ದಿರಿಯಾದ ಒಡೆಯ ಮುಹಮ್ಮದ್ ಇಬ್ನ್ ಸಊದ್ ಅವರೊಂದಿಗೆ ಆದ ಒಪ್ಪಂದದಿಂದ ಆ ಮಾತಿಗೆ ಕತ್ತಿಯ ಬಲ ಬಂತು. ಅದರ ಮುಂದುವರಿಕೆಯಾಗಿಯೇ ಮದೀನಾದ ಬಕೀ ಸ್ಮಶಾನದ ಗುಮ್ಮಟಗಳು 1920ರ ದಶಕದಲ್ಲಿ ನೆಲಸಮವಾದವು. ಭಾರತದಲ್ಲಿ ಷಾ ಇಸ್ಮಾಯಿಲ್ ದೆಹ್ಲವಿ ‘ತಕ್ವಿಯತುಲ್ ಈಮಾನ್’ ಬರೆದು ಇದೇ ಬಗೆಯ ಚರ್ಚೆ ಎಬ್ಬಿಸಿದರು. ಬರೇಲಿಯ ಅಹ್ಮದ್ ರಝಾ ಖಾನ್ ಎದುರು ಪಕ್ಷದ ದೊಡ್ಡ ವಕ್ತಾರರಾದರು.

ಕಲಬುರಗಿಯ ಖ್ವಾಜಾ ಬಂದೇ ನವಾಝರ ದರ್ಗಾದ ಉರೂಸಿನಲ್ಲಿ ಸಂದಲ್ ಮೆರವಣಿಗೆಗೆ ಸೇರುವ ಜನಸಾಗರದ ನಡುವೆ ಈ ವಾದ ಈಗಲೂ ಜೀವಂತ. ಕರಾವಳಿಯ ಮಸೀದಿಗಳಲ್ಲೂ ಅಷ್ಟೇ. ದರ್ಗಾಕ್ಕೆ ಹೋಗುವವರು ಹೇಳುವುದು ಹೀಗೆ: ಕೊಡುವವನು ಅಲ್ಲಾಹನೇ, ವಲಿಗಳು, ಅಂದರೆ ಸಂತರು, ಅವನ ಪ್ರೀತಿಪಾತ್ರರು, ಅವರ ಹೆಸರು ಮುಂದಿಟ್ಟು ಅವನಲ್ಲೇ ಬೇಡುತ್ತೇವೆ, ಪೂಜೆ ಯಾರು ಮಾಡುತ್ತಾರೆ? ವಿರೋಧಿಗಳು, ಮಕ್ಕಾದವರೂ ಇದನ್ನೇ ಹೇಳುತ್ತಿದ್ದರಲ್ಲ ಎನ್ನುತ್ತಾರೆ. ಬೇಡುವವನ ಮನಸ್ಸಿನೊಳಗೆ ಏನಿದೆ ಎಂಬುದರ ಮೇಲೆ ನಿಂತಿರುವ ಪ್ರಶ್ನೆಯನ್ನು ಹೊರಗೆ ನಿಂತು ತೀರ್ಮಾನಿಸಲು ಹೊರಟಲ್ಲೇ ತಾಪತ್ರಯ. ಈ ಜಗಳದಲ್ಲಿ ಎರಡೂ ಕಡೆಯವರ ಕೈಬೆರಳು ಸದಾ ಎದುರಿನವರತ್ತ ಚಾಚಿರುತ್ತದೆ. ಹದೀಸುಗಳು ಮತ್ತು ಸೂಫಿ ಗ್ರಂಥಗಳು ಮಾತ್ರ ಶಿರ್ಕನ್ನು ಹುಡುಕಲು ಹೋದದ್ದು ಯಾರೂ ಅನುಮಾನಿಸದ ಜಾಗಕ್ಕೆ. ನಮಾಝಿಗೆ ನಿಂತವನ ಎದೆಯೊಳಕ್ಕೆ.

ಅಂತ್ಯಕಾಲದಲ್ಲಿ ಬರುವ ಮಹಾವಂಚಕ ದಜ್ಜಾಲನಿಗಿಂತಲೂ ನಿಮ್ಮ ವಿಷಯದಲ್ಲಿ ತನಗೆ ಹೆಚ್ಚು ಭಯ ಹುಟ್ಟಿಸುವುದು ಗುಪ್ತ ಶಿರ್ಕ್ ಎಂದು ಪ್ರವಾದಿಯವರು ಹೇಳಿದ್ದಾಗಿ ಇಬ್ನ್ ಮಾಜಾರ ಹದೀಸ್ ಸಂಗ್ರಹದಲ್ಲಿದೆ. ಅದೇನೆಂದರೆ, ಯಾರೋ ನೋಡುತ್ತಿದ್ದಾರೆಂದು ತಿಳಿದು ನಮಾಝನ್ನು ಸ್ವಲ್ಪ ಹೆಚ್ಚು ಚಂದ ಮಾಡುವುದು. ಇದರ ಹೆಸರು ರಿಯಾ, ತೋರಿಕೆ. ದೇವರಿಗೆ ಸಲ್ಲಬೇಕಾದ ಆರಾಧನೆಯಲ್ಲಿ ನೋಡುಗನಿಗೂ ಒಂದು ಪಾಲು ಹೋಯಿತಲ್ಲ. ಇದು ಧರ್ಮದಿಂದ ಹೊರಹಾಕುವ ದೊಡ್ಡ ಶಿರ್ಕ್ ಅಲ್ಲ, ಸಣ್ಣದು ಎಂದು ವಿದ್ವಾಂಸರು ವಿಂಗಡಿಸುತ್ತಾರೆ. ಆದರೂ ಸಹೀಹ್ ಮುಸ್ಲಿಮಿನ ಒಂದು ವರದಿಯಲ್ಲಿ ಅಂತಿಮ ದಿನದ ಮೊದಲ ವಿಚಾರಣೆಗೆ ಬರುವವರು ಯುದ್ಧದಲ್ಲಿ ಮಡಿದ ಹುತಾತ್ಮ, ಕುರ್‌ಆನ್ ಕಲಿಸಿದ ಪಂಡಿತ, ಕೈಬಿಚ್ಚಿ ಕೊಟ್ಟ ದಾನಿ. ವೀರ ಎನಿಸಿಕೊಳ್ಳಲು, ಪಂಡಿತ ಎನಿಸಿಕೊಳ್ಳಲು, ಉದಾರಿ ಎನಿಸಿಕೊಳ್ಳಲು ಮಾಡಿದೆ, ಜನ ಹಾಗೆಯೇ ಅಂದರಲ್ಲ, ಲೆಕ್ಕ ಚುಕ್ತಾ ಎಂದು ಮೂವರನ್ನೂ ನರಕಕ್ಕೆ ಎಳೆದೊಯ್ಯಲಾಗುತ್ತದೆ. ಅಕ್ಕಿ ಚೀಲ ಕೊಡುವ ಮೊದಲು ಫೋಟೋಗ್ರಾಫರನನ್ನು ಕಾಯುವ ನಮ್ಮ ದಾನಿಗಳು, ಮಕ್ಕಾದಲ್ಲಿ ಕಅಬಾಕ್ಕೆ ಸುತ್ತು ಬರುವ ತವಾಫ್ ಮಾಡುತ್ತಲೇ ವಿಡಿಯೊ ಕಾಲ್ ಮಾಡುವ ಯಾತ್ರಿಕರು ಈ ವರದಿಯನ್ನು ಕೇಳಿಲ್ಲವೆಂದಲ್ಲ.

ಇದನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಂಡವರು ಇಮಾಮ್ ಗಝ್ಝಾಲಿ. ಇರಾನಿನ ತೂಸ್‌ನಲ್ಲಿ 1058ರಲ್ಲಿ ಹುಟ್ಟಿದವರು, 33ರ ಹರೆಯದಲ್ಲಿ ಬಗ್ದಾದಿನ ನಿಝಾಮಿಯ್ಯಾ ವಿದ್ಯಾಲಯದ ಪ್ರಧಾನ ಅಧ್ಯಾಪಕರಾದವರು. ಎದುರಿಗೆ 300 ವಿದ್ಯಾರ್ಥಿಗಳು, ಆಸ್ಥಾನದಲ್ಲಿ ಮನ್ನಣೆ. ತಾನು ಪಾಠ ಹೇಳುವುದು ಯಾರಿಗಾಗಿ ಎಂದು ಒಮ್ಮೆ ಒಳಗೆ ಇಣುಕಿ ನೋಡಿದರೆ ಅಲ್ಲಿ ಕಂಡದ್ದು ಹೆಸರಿನ ಆಸೆ, ಗದ್ದುಗೆಯ ಆಸೆ. 1095ರಲ್ಲಿ ಆರು ತಿಂಗಳ ಕಾಲ ಹೊಯ್ದಾಡಿದರು. ಹೊರಡಬೇಕೆಂದು ಬೆಳಗ್ಗೆ ನಿಶ್ಚಯ, ಸಂಜೆ ಅದು ಕುಸಿತ. ಕೊನೆಗೆ ನಾಲಿಗೆ ಏಳದೆ ಪಾಠ ನಿಂತಿತು, ಅನ್ನ ಗಂಟಲಿಗಿಳಿಯಲಿಲ್ಲ, ವೈದ್ಯರು ಕೈಚೆಲ್ಲಿದರು. ಆ ವರ್ಷವೇ ಮಕ್ಕಳಿಗೆ ಬೇಕಾದಷ್ಟನ್ನು ಇಟ್ಟು ಉಳಿದ ಆಸ್ತಿ ಹಂಚಿ ಬಗ್ದಾದ್ ಬಿಟ್ಟರು. ಡಮಾಸ್ಕಸ್ಸಿನ ಮಸೀದಿಯ ಮಿನಾರ ಹತ್ತಿ ಬಾಗಿಲು ಹಾಕಿಕೊಂಡು ದಿನಗಟ್ಟಲೆ ಕೂತರು. ಅವರನ್ನು ನೇಮಿಸಿದ್ದ ವಜೀರ ನಿಝಾಮುಲ್ ಮುಲ್ಕರ ಹತ್ಯೆಯ ನಂತರದ ರಾಜಕೀಯ ಅಪಾಯವೂ ಅವರನ್ನು ಓಡಿಸಿರಬಹುದೆಂದು ಇತಿಹಾಸಕಾರರಲ್ಲಿ ಕೆಲವರ ಊಹೆ. ಇದ್ದರೂ ಇರಬಹುದು, ಮನುಷ್ಯರು ಒಂದೇ ಕಾರಣಕ್ಕೆ ಊರು ಬಿಡುವುದು ಕಡಿಮೆ. ಆ ಅಲೆದಾಟದ ಫಲ ‘ಇಹ್ಯಾ ಉಲೂಮಿದ್ದೀನ್’ ಎಂಬ 40 ಪ್ರಕರಣಗಳ ಬೃಹದ್ಗ್ರಂಥ. ಅದರ ಕೊನೆಯ ಕಾಲುಭಾಗ ಶುರುವಾಗುವುದೇ ತೌಬಾದಿಂದ.

ಪಾಪ ವಿಷದಂತೆ, ಹೊಟ್ಟೆಗೆ ಹೋದದ್ದು ತಿಳಿದ ಮೇಲೆ ವಾಂತಿ ಮಾಡಲು ನಾಳೆಯವರೆಗೆ ಯಾರೂ ಕಾಯುವುದಿಲ್ಲ ಎಂಬುದು ಗಝ್ಝಾಲಿಯವರ ವಾದ. ಸಣ್ಣ ಪಾಪ ದೊಡ್ಡದಾಗುವ ಬಗೆಯನ್ನೂ ಅವರು ಹೇಳುತ್ತಾರೆ. ಪಟ್ಟು ಹಿಡಿದು ಅದನ್ನೇ ಮಾಡುತ್ತಿದ್ದರೆ, ಇಷ್ಟೇ ತಾನೇ ಎಂದುಕೊಂಡರೆ, ಮಾಡಿದ್ದಕ್ಕೆ ಹಿಗ್ಗಿದರೆ, ಸಾರಿಕೊಂಡು ತಿರುಗಿದರೆ ದೊಡ್ಡದಾಗುತ್ತದೆ. ಮಾಡಿದವನು ಜನ ಅನುಸರಿಸುವ ವಿದ್ವಾಂಸನಾಗಿದ್ದರೆ, ಅವನು ಸತ್ತ ಮೇಲೂ ಅದು ಬೆಳೆಯುತ್ತಲೇ ಇರುತ್ತದೆ. ಕೊನೆಯದು ತನಗೆ ತಾನೇ ಹೇಳಿಕೊಂಡದ್ದಿರಬೇಕು. 1106ರಲ್ಲಿ ಅವರು ಮತ್ತೆ ನಿಶಾಪುರದಲ್ಲಿ ಪಾಠಕ್ಕೆ ಕೂತರು. ಮೊದಲು ಕಲಿಸಿದ್ದು ಪದವಿ ಗಳಿಸುವ ವಿದ್ಯೆ, ಈಗ ಕಲಿಸುವುದು ಪದವಿ ಬಿಡುವ ವಿದ್ಯೆ ಎಂದು ಸಮರ್ಥನೆ ಕೊಟ್ಟರು. ಬಸ್ರಾದ ಸೂಫಿ ಸಂತೆ ರಾಬಿಯಾ ಗಝ್ಝಾಲಿಯವರಿಗಿಂತ ಮೂರು ಶತಮಾನ ಹಿಂದಿನವಳು, ಆಕೆ ಇನ್ನೂ ಬಿರುಸು. ನಾವು ಮಾಡುವ ಕ್ಷಮಾಯಾಚನೆಗೇ ಮತ್ತೊಂದು ಕ್ಷಮಾಯಾಚನೆ ಬೇಕು ಎಂಬ ಮಾತು ಆಕೆಯ ಹೆಸರಿನಲ್ಲಿ ಚಾಲ್ತಿಯಲ್ಲಿದೆ.

ಹೀಗೆ ಬಿಗಿಯುತ್ತಾ ಹೋದರೆ ಮಾಮೂಲಿ ಮನುಷ್ಯ ಉಸಿರಾಡುವುದು ಎಲ್ಲಿ? ನಿರಾಶೆಯೂ ದೊಡ್ಡ ಪಾಪಗಳ ಪಟ್ಟಿಯಲ್ಲಿದೆ ಎಂಬುದನ್ನು ಇಲ್ಲಿ ನೆನೆಯಬೇಕು. 99 ಕೊಲೆ ಮಾಡಿದವನೊಬ್ಬ ಸನ್ಯಾಸಿಯನ್ನು ಕಂಡು ತನಗೆ ತೌಬಾ ಇದೆಯೇ ಎಂದು ಕೇಳಿದ, ಇಲ್ಲ ಎಂದ ಸನ್ಯಾಸಿಯನ್ನೂ ಕೊಂದು ನೂರು ಪೂರೈಸಿದ ಕಥೆ ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಆಮೇಲೆ ಅವನು ಹೋದದ್ದು ಒಬ್ಬ ವಿದ್ವಾಂಸನ ಬಳಿಗೆ. ನಿನಗೂ ತೌಬಾಕ್ಕೂ ಅಡ್ಡ ಬರುವವರು ಯಾರು ಎಂದ ಆ ವಿದ್ವಾಂಸ, ಈ ಊರು ಬಿಡು, ಒಳ್ಳೆಯವರಿರುವ ಇಂಥ ಊರಿಗೆ ಹೋಗು ಎಂದು ದಾರಿ ತೋರಿದ. ಕೊಲೆಗಾರ ನಡುದಾರಿಯಲ್ಲಿ ಸತ್ತ. ಕರುಣೆಯ ದೂತರು, ಶಿಕ್ಷೆಯ ದೂತರು ಅವನಿಗಾಗಿ ಜಗಳವಾಡಿದರು, ದೂರ ಅಳೆದಾಗ ಒಳ್ಳೆಯ ಊರಿಗೆ ಒಂದು ಗೇಣು ಹತ್ತಿರವಿದ್ದ. ಸನ್ಯಾಸಿಗೆ ಭಕ್ತಿ ಇತ್ತು, ವಿದ್ಯೆ ಇರಲಿಲ್ಲ ಎಂದು ಇದಕ್ಕೆ ಟೀಕೆ ಬರೆದವರ ಅಭಿಪ್ರಾಯ. ಮನಸ್ಸು ಬದಲಾದರೆ ಸಾಕೆಂದು ಆ ವಿದ್ವಾಂಸ ಬಿಡಲಿಲ್ಲ, ಸಹವಾಸವನ್ನೂ ಬದಲಿಸಹೇಳಿದ. ಕುಡಿತ ಬಿಟ್ಟವರನ್ನು ಕೇಳಿದರೆ ಆ ಸಲಹೆಯ ಬೆಲೆ ಹೇಳುತ್ತಾರೆ.

ಕೆಲವು ತಪ್ಪುಗಳಿಗೆ ಪಶ್ಚಾತ್ತಾಪದೊಂದಿಗೆ ನಿಗದಿತ ಪರಿಹಾರವೂ ಇದೆ, ಅದಕ್ಕೆ ಕಫ್ಫಾರ ಎನ್ನುತ್ತಾರೆ. ಆಣೆ ಮುರಿದರೆ ಹತ್ತು ಬಡವರಿಗೆ ಊಟ ಅಥವಾ ಬಟ್ಟೆ, ಅದಾಗದಿದ್ದರೆ ಮೂರು ದಿನ ಉಪವಾಸ. ರಮಝಾನಿನ ಹಗಲಲ್ಲಿ ಹೆಂಡತಿಯನ್ನು ಕೂಡಿದವನಿಗೆ ಬಲು ಭಾರ. ಅಂಥ ಒಬ್ಬ ತಾನು ಹಾಳಾದೆನೆಂದು ಕೂಗುತ್ತಾ ಪ್ರವಾದಿಯವರ ಬಳಿ ಬಂದ. ಒಬ್ಬ ಗುಲಾಮನನ್ನು ಬಿಡುಗಡೆ ಮಾಡಬಲ್ಲೆಯಾ ಎಂದು ಪ್ರವಾದಿಯವರು ಕೇಳಿದರು. ಆಗದು. ಎರಡು ತಿಂಗಳು ಬಿಡದೆ ಉಪವಾಸ? ಆಗದು. ಅರವತ್ತು ಬಡವರಿಗೆ ಊಟ? ಅದೂ ಆಗದು. ಅವನು ಅಲ್ಲೇ ಕೂತ. ಅಷ್ಟರಲ್ಲಿ ಯಾರೋ ಒಂದು ಬುಟ್ಟಿ ಖರ್ಜೂರ ತಂದರು. ಇದನ್ನು ಒಯ್ದು ದಾನ ಮಾಡು ಎಂದು ಪ್ರವಾದಿಯವರು ಅವನ ಕೈಗೆ ಕೊಟ್ಟರು. ನನಗಿಂತ ಬಡವರಿಗೇ ಕೊಡಬೇಕೇ ಎಂದು ಅವನು ಕೇಳಿದ. ಮದೀನಾದ ಈ ಬದಿಯ ಕಲ್ಲುಬಯಲಿನಿಂದ ಆ ಬದಿಯ ಕಲ್ಲುಬಯಲಿನವರೆಗೆ ತನ್ನ ಮನೆಗಿಂತ ಬಡವಾದ ಮನೆ ಇಲ್ಲ ಎಂದು ಆಣೆ ಇಟ್ಟ. ಪ್ರವಾದಿಯವರು ಕೋರೆಹಲ್ಲು ಕಾಣುವಂತೆ ನಕ್ಕರು, ಹಾಗಾದರೆ ನಿನ್ನ ಮನೆಯವರಿಗೇ ತಿನ್ನಿಸು ಎಂದರು. ಇಂಥವನ ಕಫ್ಫಾರ ಆ ದಿನವೇ ತೀರಿತೋ, ಕೈಗೆ ಕಾಸು ಬರುವವರೆಗೆ ಬಾಕಿ ಉಳಿಯಿತೋ ಎಂದು ಫಿಕ್ಹ್ ಪಂಡಿತರು ಆಮೇಲೆ ಶತಮಾನಗಳ ಕಾಲ ಚರ್ಚಿಸಿದ್ದಾರೆ. ಅವನಂತೂ ಬುಟ್ಟಿ ಎತ್ತಿಕೊಂಡು ಮನೆಗೆ ಹೋದ.